ಅತ್ತೆಯ ಹೆಬ್ಬೆರಳು

ಕಳ್ಳರೆಂದರೆ ನಮ್ಮ ಅತ್ತೆಗೆ ಎಳ್ಳಷ್ಟೂ ಹೆದರಿಕೆಯಿಲ್ಲ. ಬೆಳಗ್ಗೆ ತೆರೆದ ತಲಬಾಗಿಲನ್ನು ದೀಪ ಹಚ್ಚುವ ಹೊತ್ತಿನವರೆಗೆ ಮುಂದೆ ಮಾಡುವುದಿಲ್ಲ. ಸ್ನಾನಕ್ಕೆ ಹೋಗುವಾಗ ಕೊರಳ ಸರ ಬಿಚ್ಚಿ ಬಚ್ಚಲ ಗೂಟಕ್ಕೆ ತೂಗುಹಾಕಿದರೆ ಅದು ಎರಡು ದಿನ ಅಲ್ಲೇ ತೂಗುತ್ತಿರುತ್ತದೆ. ಆದರೆ ಅವಳ ಹೆಬ್ಬೆರಳು! ಸಾಧ್ಯವಿದ್ದಿದ್ದರೆ ಅದನ್ನು ಬಿಚ್ಚಿ ತಿಜೋರಿಯಲ್ಲಿಟ್ಟು, ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ದೇವರು ಬೆರಳನ್ನು ಕೈಗೇ ಅಂಟಿಸಿ ಕಳಿಸಿರುವುದರಿಂದ ಬೇರೆ ದಾರಿ ಕಾಣದೆ ಜೊತೆಗಿಟ್ಟುಕೊಂಡಿದ್ದಾಳೆ, ಅಷ್ಟೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ, ನಿವೃತ್ತಳಾಗಿ, ಮೊರಬದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ 'ಅಕ್ಕೋರು' ಎನ್ನುತ್ತಾರೆ. ಊರಲ್ಲಿ ಅಕ್ಕೋರು ಅನೇಕರು ಬಂದು ಹೋದರು, ಆದರೆ ಬರೀ 'ಅಕ್ಕೋರು' ಎಂದರೆ ನಮ್ಮ ಅತ್ತೆಯೇ.

ಶಾಲೆಯ ಮಕ್ಕಳು ಸಾಲದೆಂದು ಅವಳು ಮಧ್ಯಾಹ್ನದ ಹೊತ್ತು ದೊಡ್ಡ ಹೆಂಗಸರಿಗೂ ಅಕ್ಷರ ಕಲಿಸಿದವಳು. ಕಳೆ ತೆಗೆದು ಬಂದವರನ್ನು, ರೊಟ್ಟಿ ಬಡಿದು ಕೈ ತೊಳೆದವರನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು, ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಮಾಡುವುದನ್ನು ಕಲಿಸುತ್ತಿದ್ದಳು. ಊರಿನ ಹೆಬ್ಬೆಟ್ಟುಗಳನ್ನೆಲ್ಲ ಒಂದೊಂದಾಗಿ ಸಹಿಗಳನ್ನಾಗಿ ಮಾಡಿ ಮುಗಿಸಿದೆ ಎಂದು ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಏನಾಯಿತು? ಬೆರಳು ಓದುವ ಯಂತ್ರ ಬಂತು! ಅತ್ತೆಗೆ ಇದು ತನ್ನ ಮೇಲೆಯೇ ಯಾರೋ ಹೂಡಿದ ಸಂಚಿನಂತೆ ಕಂಡರೆ ಆಶ್ಚರ್ಯವೇ?

ನಾನು ನವಲಗುಂದದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ಒಂದು ದಿನ ಅತ್ತೆ ಕಣ್ಣು ತೋರಿಸಲು ನನ್ನ ಜೊತೆ ಬಂದವಳು, ಅರ್ಧ ತಾಸು ಶಾಲೆಯಲ್ಲೇ ಕೂತಳು. ಅಲ್ಲಿ ನಮ್ಮ ಹಾಜರಿಯ ಯಂತ್ರದ ಮುಂದೆ ಸಾಲು ಹಚ್ಚಿ ನಿಂತ ಮಾಸ್ತರರನ್ನೆಲ್ಲ ಕಂಡಳು. ಗಣಿತದವರು ಒತ್ತಿದರು, ವಿಜ್ಞಾನದವರು ಒತ್ತಿದರು, ಕನ್ನಡದವಳಾದ ನಾನೂ ಒತ್ತಿದೆ. ಅತ್ತೆ ನಮ್ಮ ಹೆಡ್‌ಮಾಸ್ತರರನ್ನು ಬಹಳ ಮರ್ಯಾದೆಯಿಂದಲೇ ಕೇಳಿದಳು:

"ಸರ್, ಇವರಿಗೆ ಯಾರಿಗೂ ಸಹಿ ಮಾಡಾಕ ಬರೂದಿಲ್ಲೇನ್ರಿ? ಬೇಕಾದ್ರ ನಾ ಮಧ್ಯಾಹ್ನ ಬಂದು ಕಲಿಸಿ ಹೋಗತೀನಿ."

ಹೆಡ್‌ಮಾಸ್ತರರು ಅಂದಿನಿಂದ ನಮ್ಮ ಅತ್ತೆಯ ಆರೋಗ್ಯ ವಿಚಾರಿಸುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಅವಳು ಮನೆಯಲ್ಲೇ ಇದ್ದಾಳೆಂದು ಖಾತ್ರಿ ಮಾಡಿಕೊಳ್ಳುತ್ತಾರೆಂದು ನನ್ನ ಅನುಮಾನ.

ಇಂಥವಳ ಕೈಗೆ ನನ್ನ ತಮ್ಮ ಒಂದು ಹೊಸ ಫೋನು ತಂದುಕೊಟ್ಟ. ತನ್ನ ಪ್ರೀತಿಯ ಅತ್ತೆಗೆ ಕಷ್ಟವಾಗಬಾರದೆಂದು, ಬೆರಳು ಮುಟ್ಟಿಸಿದರೆ ಸಾಕು, ಫೋನು ತಾನೇ ತೆರೆದುಕೊಳ್ಳುತ್ತದೆ ಎಂದು ಹೇಳಿದ. ಅತ್ತೆ ಫೋನನ್ನು ಕಾಯಿಪಲ್ಲೆಯಂತೆ ಹೊರಳಿಸಿ ಹೊರಳಿಸಿ ನೋಡಿದಳು. ಆಮೇಲೆ ಅವನ ಪರೀಕ್ಷೆ ಶುರುವಾಯಿತು. ನನ್ನ ಬೆರಳಿನ ಗುರುತು ಇದರಲ್ಲಿ ಎಲ್ಲಿ ಕೂರುತ್ತದೆ? ಫೋನಿನಲ್ಲೇ ಕೂರುತ್ತದೋ, ಇನ್ನೆಲ್ಲಿಗೋ ಹೋಗುತ್ತದೋ? ಹೋಗುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ಹೇಳಿದವರನ್ನು ನೀನು ಕಂಡಿದ್ದೀಯಾ? ತಮ್ಮ ಬೆವರು ಒರೆಸಿಕೊಂಡ. ಕೊನೆಗೆ ಅತ್ತೆ ಅವನನ್ನು ಎದುರು ಕೂರಿಸಿಕೊಂಡು ಹೇಳಿದಳು:

"ಗುಟ್ಟಿನ ನಂಬರ ಕಳುವಾತಂದ್ರ ಬ್ಯಾರೆ ನಂಬರ ಇಟಗೋಬಹುದು. ಬೆರಳ ಕಳುವಾತಂದ್ರ ನಾ ಬ್ಯಾರೆ ಬೆರಳ ಎಲ್ಲಿಂದ ತರ್ಲೋ?"

ತಮ್ಮ ಫೋನಿಗೆ ಗುಟ್ಟಿನ ಸಂಖ್ಯೆಯನ್ನೇ ಹೊಂದಿಸಿಕೊಟ್ಟ. ಅತ್ತೆಯ ಪ್ರಶ್ನೆಗೆ ನಿಮ್ಮ ಬಳಿ ಉತ್ತರವಿದೆಯೇ? ನನ್ನ ಬಳಿಯಂತೂ ಇಲ್ಲ.

ಆದರೆ ಪ್ರತಿ ಸಲ ಸಂಖ್ಯೆ ಒತ್ತುವುದು ಅತ್ತೆಯ ಕಣ್ಣಿಗೆ ಕಷ್ಟವಾಯಿತು. ಎರಡು ದಿನ ಯೋಚಿಸಿ ಅವಳು ಒಂದು ಹಾದಿ ಕಂಡುಹಿಡಿದಳು. ಫೋನಿಗೆ ತನ್ನ ಎಡಗಾಲಿನ ಹೆಬ್ಬೆರಳನ್ನು ಕೊಟ್ಟಳು! ನಂಬಿ, ಫೋನು ಅದನ್ನು ಯಾವ ತಕರಾರೂ ಇಲ್ಲದೆ ತೆಗೆದುಕೊಂಡಿತು. ಅತ್ತೆಯ ತರ್ಕ ಸರಳವಾಗಿತ್ತು. ಕೈಬೆರಳು ದಿನವಿಡೀ ನೂರು ಕಡೆ ಗುರುತು ಬಿಟ್ಟು ಬರುತ್ತದೆ, ಚಹದ ಕಪ್ಪಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ಕಿರಾಣಿ ಅಂಗಡಿಯ ಗಾಜಿನ ಮೇಲೆ. ಕಾಲ್ಬೆರಳು ಚಪ್ಪಲಿಯೊಳಗೆ ಮರ್ಯಾದೆಯಿಂದ ಇರುತ್ತದೆ. ಅದರ ಗುರುತನ್ನು ಕದಿಯಬೇಕೆಂದರೆ ಕಳ್ಳ ಅವಳ ಕಾಲಿಗೇ ಬೀಳಬೇಕು.

ತೊಡಕು ಒಂದೇ. ಪುಸ್ತಕಕ್ಕೆ ಕಾಲು ತಾಗಿಸಬಾರದೆಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದ ಜೀವ ಅದು. ಫೋನಿನಲ್ಲೂ ಅಕ್ಷರ ಇರುತ್ತದಲ್ಲ! ಹಾಗಾಗಿ ಅತ್ತೆಗೆ ಒಂದು ಸಂದೇಶ ಬಂದರೆ ಅದನ್ನು ಓದುವ ವಿಧಿ ಹೀಗೆ: ಮೊದಲು ಚಪ್ಪಲಿ ಬಿಡುವುದು, ಫೋನನ್ನು ನೆಲಕ್ಕಿಡುವುದು, ಕಾಲ ಹೆಬ್ಬೆರಳು ಮುಟ್ಟಿಸುವುದು, ತಪ್ಪಾಯಿತೆಂದು ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುವುದು, ಆಮೇಲೆ ಸೆರಗಿನಿಂದ ಒರೆಸಿ ಓದುವುದು. ಅಷ್ಟರಲ್ಲಿ ಪರದೆ ಮತ್ತೆ ಮುಚ್ಚಿಕೊಂಡಿರುತ್ತಿತ್ತು. ಪುನಃ ಮೊದಲಿಂದ.

ನವಲಗುಂದದ ಬಸ್ಸಿನಲ್ಲಿ ಇದು ನಡೆದಾಗ ಕಂಡಕ್ಟರ್ ಬಗ್ಗಿ ನೋಡಿ, ಏನಾದರೂ ಬಿದ್ದಿದೆಯೇ ಎಂದು ಕೇಳಿದ. ಏನೂ ಬಿದ್ದಿಲ್ಲ, ಕೀಲಿ ತೆಗೆಯುತ್ತಿದ್ದೇನೆ ಎಂದಳು ಅತ್ತೆ. ಆತ ಅವಳ ಬರಿಗಾಲನ್ನೂ, ಫೋನನ್ನೂ, ಕಣ್ಣಿಗೊತ್ತಿಕೊಳ್ಳುವುದನ್ನೂ ನೋಡಿ, ಯಾವುದೋ ದೇವರ ನೇಮವಿರಬೇಕೆಂದುಕೊಂಡು ತಾನೂ ಒಮ್ಮೆ ಕೈ ಮುಗಿದು ಮುಂದೆ ಹೋದ.

ಕೈಬೆರಳಿನ ಗುರುತಿನ ವಿಚಾರ ತಲೆಗೆ ಹೊಕ್ಕ ಮೇಲೆ ಅತ್ತೆ ಪರರ ಮನೆಯಲ್ಲಿ ಚಹ ಕುಡಿದ ಕಪ್ಪನ್ನು ಸೆರಗಿನಿಂದ ಒರೆಸಿಡುವ ರೂಢಿ ಮಾಡಿಕೊಂಡಳು. ಹೊರಗೆ, ಒಳಗೆ, ಹಿಡಿಕೆ, ಕಪ್ಪಿನಡಿಯ ಬಸಿಯ ಅಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಮನೆಯವರು ಹೋಗಲಿ ಎಂದು ಸುಮ್ಮನಿದ್ದೆವು. ಆದರೆ ತಮ್ಮನಿಗೆ ಹೆಣ್ಣು ನೋಡಲು ಕುಬಿಹಾಳಕ್ಕೆ ಹೋದಾಗಲೂ ಒರೆಸಬೇಕೆ?

ಹುಡುಗಿ ಚೆನ್ನಾಗಿದ್ದಳು, ಅವಲಕ್ಕಿ ಚೆನ್ನಾಗಿತ್ತು, ಮಾತು ಚೆನ್ನಾಗಿ ನಡೆದಿತ್ತು. ಚಹ ಕುಡಿದದ್ದೇ ಅತ್ತೆ ಕಪ್ಪು ಎತ್ತಿ ಒರೆಸತೊಡಗಿದಳು. ಹುಡುಗಿಯ ತಾಯಿಯ ಮುಖ ಸಣ್ಣಗಾಯಿತು. ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ಅತ್ತೆ ಅದನ್ನು, ಇನ್ನೂ ಸ್ವಲ್ಪ ಉಳಿದಿದೆ ಎಂಬ ಸೂಚನೆಯೆಂದು ತಿಳಿದು ಕಪ್ಪಿನ ತಳವನ್ನೂ ಒರೆಸಿದಳು. ಮರುದಿನ ಅವರ ಕಡೆಯಿಂದ ಫೋನು ಬಂತು. ತಮ್ಮ ಮನೆಯ ಕಪ್ಪುಬಸಿ ಗಲೀಜಾಗಿತ್ತೇ ಎಂದು ಹುಡುಗಿಯ ತಾಯಿ ಅಳುದನಿಯಲ್ಲಿ ಕೇಳಿದರು.

ಅತ್ತೆಗೆ ನಿಜಕ್ಕೂ ನೋವಾಯಿತು. ಅಂದೇ ಮತ್ತೆ ಬಸ್ಸು ಹತ್ತಿ ಕುಬಿಹಾಳಕ್ಕೆ ಹೋಗಿ, ಆ ತಾಯಿಯ ಕೈ ಹಿಡಿದುಕೊಂಡು, ಹೆಬ್ಬೆರಳಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ಅವರು ನಂಬಿದರೋ, ಪಾಪದ ಹೆಂಗಸು ಎಂದು ಕನಿಕರಪಟ್ಟರೋ, ಮದುವೆಯಂತೂ ಆಯಿತು. ನಮ್ಮ ಮನೆಗೆ ಬಂದ ಮೇಲೆ ತಮ್ಮನ ಹೆಂಡತಿ ಒಂದು ದಿನ ನನ್ನ ಹತ್ತಿರ ಗುಟ್ಟು ಬಿಟ್ಟುಕೊಟ್ಟಳು. ಕುಡಿದ ಕಪ್ಪನ್ನು ತಾವೇ ಸ್ವಚ್ಛ ಮಾಡಿಡುವ ಜನ ಎಂದು ನೋಡಿಯೇ ಅವಳು ಹೂಂ ಅಂದಿದ್ದಳಂತೆ. ಬಂದು ನೋಡಿದರೆ ಒಬ್ಬರು ಬಿಟ್ಟು ಮಿಕ್ಕವರೆಲ್ಲ ಕಪ್ಪನ್ನು ಕೂತಲ್ಲೇ ಇಟ್ಟು ಏಳುವವರು!

ಇನ್ನು ನಿದ್ದೆಯ ವಿಷಯ. ಒಂದು ಮಧ್ಯಾಹ್ನ ನಾನು ಮಲಗಿದ್ದಾಗ, ಆರು ವರ್ಷದ ನನ್ನ ಮಗಳು ಬೆಕ್ಕಿನಂತೆ ಬಂದು, ನನ್ನ ಹೆಬ್ಬೆರಳನ್ನು ಎತ್ತಿ ನನ್ನ ಫೋನಿಗೆ ಮುಟ್ಟಿಸಿ, ಆಟ ಆಡಲು ಕೂತಳು. ಅತ್ತೆ ಎದುರಿಗೇ ಕೂತು ಅಲಸಂದಿ ಬಿಡಿಸುತ್ತಿದ್ದವಳು ಇದನ್ನು ಕಣ್ಣಾರೆ ಕಂಡಳು. ನನ್ನನ್ನು ಎಬ್ಬಿಸಿ, ಕೊಲೆಯ ಸಾಕ್ಷಿ ಹೇಳುವವಳಂತೆ ಎಲ್ಲವನ್ನೂ ಹೇಳಿದಳು. ಎಚ್ಚರಿದ್ದಾಗ ಬೆರಳು ನಮ್ಮದು, ನಿದ್ದೆಯಲ್ಲಿ ಊರವರದು ಎಂಬುದು ಅವಳಿಗೆ ಅಂದು ಮನದಟ್ಟಾಯಿತು. ಅಂದಿನಿಂದ ಅವಳು ಎಡಗಾಲಿಗೆ ಕಾಲುಚೀಲ ಹಾಕಿಕೊಂಡೇ ಮಲಗುವುದು. ಮೇ ತಿಂಗಳಲ್ಲಿ ನವಲಗುಂದ ಸೀಮೆಯ ಎರೆಭೂಮಿ ಬಿರಿದು ಬಾಯಿ ಬಿಟ್ಟಿರುತ್ತದೆ, ಫ್ಯಾನು ಬಿಸಿಗಾಳಿ ಕಾರುತ್ತಿರುತ್ತದೆ, ನಮ್ಮ ಅತ್ತೆ ಒಂದು ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿರುತ್ತಾಳೆ. ನೋಡಲು ಬಂದವರು, ಅಕ್ಕೋರ ಒಂದು ಕಾಲಿಗೆ ಮಾತ್ರ ಚಳಿಜ್ವರ ಬಂದಿದೆಯೇ ಎಂದು ಕೇಳುತ್ತಾರೆ.

ಇಷ್ಟು ಓದಿ ನೀವು ನಗುತ್ತಿರಬಹುದು. ನಾವೂ ನಗುತ್ತಿದ್ದೆವು, ಆ ಛತ್ರಿಯವನು ಬರುವವರೆಗೆ.

ಒಂದು ಭಾನುವಾರ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಒಬ್ಬಾತ ಬಣ್ಣದ ಛತ್ರಿ ನೆಟ್ಟು, ಪುಕ್ಕಟೆ ಸಿಮ್ ಕೊಡಲು ಕೂತಿದ್ದ. ಇಸ್ತ್ರಿ ಅಂಗಿ, ನಯವಾದ ಮಾತು. ಹೊಲದಿಂದ ಬಂದ ಹೆಂಗಸರು ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ನೀಲವ್ವ. ಅತ್ತೆಯ ಹತ್ತಿರ ಸಹಿ ಕಲಿತವರಲ್ಲಿ ಅವಳೂ ಒಬ್ಬಳು. ಅತ್ತೆ ಮತ್ತು ನಾನು ಸಂತೆಯಿಂದ ಬರುತ್ತಾ ಅಲ್ಲಿ ನಿಂತೆವು. ಆತ ನೀಲವ್ವನ ಹೆಬ್ಬೆರಳನ್ನು ಸಣ್ಣ ಯಂತ್ರದ ಮೇಲೆ ಒತ್ತಿಸಿದ. ಹತ್ತಲಿಲ್ಲ ಎಂದು ಮತ್ತೊಮ್ಮೆ ಒತ್ತಿಸಿದ. ಕಳೆ ಕಿತ್ತು ಕಿತ್ತು ಅವಳ ಬೆರಳು ಸವೆದದ್ದು ನಿಜವೇ. ಆತ ಮೂರನೆಯ ಸಲ ಒತ್ತು ಎಂದಾಗ ಅತ್ತೆ ಮುಂದೆ ಬಂದು, ಒಂದು ಸಿಮ್ಮಿಗೆ ಎಷ್ಟು ಸಲ ಒತ್ತಬೇಕು ಎಂದು ಕೇಳಿದಳು. ಯಂತ್ರ ತೆಗೆದುಕೊಳ್ಳುತ್ತಿಲ್ಲ ಎಂದ ಆತ. ತೆಗೆದುಕೊಂಡಿಲ್ಲ ಎಂದು ಎಲ್ಲಿ ಬರೆದಿದೆ, ತೋರಿಸಿ ಎಂದಳು ಅತ್ತೆ. ಆತ ತನ್ನ ಫೋನನ್ನು ಮಗ್ಗುಲಿಗೆ ತಿರುಗಿಸಿಕೊಂಡ.

ಅತ್ತೆ ಸಂತೆಯ ಚೀಲದಿಂದ ಒಂದು ವಹಿ ತೆಗೆದು ಖಾಲಿ ಹಾಳೆ ಬಿಡಿಸಿದಳು. ಪೆನ್ನಿನ ಮುಚ್ಚಳ ತೆಗೆದಳು.

"ನಿಮ್ಮ ಹೆಬ್ಬಟ್ಟಿಗೆ ಒಂದೀಟ ಮಸಿ ಹಚ್ಚತೀನಿ. ಈ ಹಾಳಿ ಮ್ಯಾಲ ಒಂದ ಒತ್ರಿ."

"ಖಾಲಿ ಹಾಳಿ ಮ್ಯಾಲ ಯಾಕ ಒತ್ತಲ್ರಿ? ನಾಳೆ ನೀವು ಮ್ಯಾಲ ಏನರ ಬರಕೊಂಡ್ರ?"

"ನಾನೂ ಅದನ್ನ ಕೇಳಾಕತ್ತೀನ್ರಿ," ಎಂದಳು ಅತ್ತೆ.

ಆತ ಅಕ್ಕಪಕ್ಕ ನೋಡಿ, ಹೆಂಗಸರ ಜೊತೆ ಯಾರು ವಾದ ಮಾಡಬೇಕು ಎಂದು ಗೊಣಗಿಕೊಂಡು, ಛತ್ರಿ ಮಡಚಿ ಗಾಡಿ ಹತ್ತಿದ.

ಅತ್ತೆಗೆ ಆರತಿ ಎತ್ತಿದರೆಂದುಕೊಂಡಿರಾ? ಎಲ್ಲರೂ ಅವಳನ್ನೇ ಬೈದರು! ಪುಕ್ಕಟೆ ಬರುವುದನ್ನು ಅಕ್ಕೋರು ತಪ್ಪಿಸಿದರು, ತಮ್ಮ ಹುಚ್ಚನ್ನು ಊರ ಮೇಲೆ ಹೇರಿದರು ಎಂದರು. ನೀಲವ್ವನಂತೂ ನಮ್ಮ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು. ಅತ್ತೆ ಬೆಳಗಿನ ಹೊತ್ತು ಬಾಗಿಲಲ್ಲಿ ಕೂತು ಹೊಲಕ್ಕೆ ಹೋಗುವವರನ್ನು ಮಾತಾಡಿಸುವುದನ್ನು ನಿಲ್ಲಿಸಿ, ಹಿತ್ತಲಲ್ಲಿ ಕೂರತೊಡಗಿದಳು. ನನಗೂ ಅನಿಸಿತ್ತು, ಇಷ್ಟು ಮಾಡಬಾರದಿತ್ತೇನೋ ಎಂದು.

ಎರಡು ತಿಂಗಳು ಕಳೆದಿರಬೇಕು. ಪಕ್ಕದ ಊರಿನ ಒಬ್ಬ ಮುದುಕನನ್ನು ಪೊಲೀಸರು ಕರೆಸಿ ಕೂರಿಸಿಕೊಂಡರೆಂಬ ಸುದ್ದಿ ಬಂತು. ಅವನ ಹೆಸರಿನ ನಂಬರಿನಿಂದ ಯಾರಿಗೋ ಮೋಸದ ಫೋನುಗಳು ಹೋಗಿದ್ದವು. ಆ ನಂಬರು ತನ್ನದೆಂಬುದೇ ಮುದುಕನಿಗೆ ಗೊತ್ತಿರಲಿಲ್ಲ. ಅವನೂ ಇಂಥದೇ ಛತ್ರಿಯ ಕೆಳಗೆ, ಹತ್ತಲಿಲ್ಲ, ಹತ್ತಲಿಲ್ಲ ಎಂದು ಬೆರಳು ಒತ್ತಿ ಬಂದಿದ್ದನಂತೆ. ಆ ಹೆಚ್ಚಿನ ಒತ್ತುಗಳಿಂದ ಅವನ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆದಿದ್ದರಂತೆ.

ಅಂದು ಸಂಜೆ ನೀಲವ್ವ ಬಂದಳು. ಪಡಸಾಲೆಗೆ ಬರದೆ ಬಾಗಿಲಲ್ಲೇ ನಿಂತಳು. ಉಡಿಯಲ್ಲಿ ಹಸಿಕಡಲೆ.

"ಅಕ್ಕೋರ, ನಾ ಎರಡ ಸಲ ಒತ್ತೀನ್ರಿ ಅವತ್ತ. ಏನಕ್ಕೈತಿ ಈಗ?"

ಅತ್ತೆ ಎದ್ದು ಹೋಗಿ ಅವಳ ರಟ್ಟೆ ಹಿಡಿದು ಒಳಗೆ ಕರೆತಂದಳು. ನಾನು ಫೋನಿನಲ್ಲಿ ಹುಡುಕಿದೆ. ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆಯೆಂದು ನೋಡಲು ಬರುತ್ತದೆಂಬುದು ನನಗೂ ಆಗಲೇ ಗೊತ್ತಾದದ್ದು. ನೀಲವ್ವನ ಹೆಸರಿನಲ್ಲಿ ಎರಡಿದ್ದವು. ಒಂದು ಅವಳದು. ಇನ್ನೊಂದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅತ್ತೆ ಮರುದಿನ ಅವಳನ್ನು ಕರೆದುಕೊಂಡು ಮೊದಲು ಪೊಲೀಸ್ ಠಾಣೆಗೆ, ಅಲ್ಲಿಂದ ನವಲಗುಂದದ ಫೋನಿನ ಆಫೀಸಿಗೆ ಹೋಗಿ, ಆ ನಂಬರು ಬಂದ್ ಆಗಿದೆ ಎಂಬ ಕಾಗದ ಕೈಗೆ ಬರುವವರೆಗೆ ಅಲ್ಲಿಂದ ಏಳಲಿಲ್ಲ. ಊಟವನ್ನೂ ಮಾಡಿರಲಿಲ್ಲ. ನಾನು ಶಾಲೆ ಮುಗಿಸಿ ಹೋದಾಗ ಇಬ್ಬರೂ ಬೆಂಚಿನ ಮೇಲೆ ಕೂತು ಹಸಿಕಡಲೆ ತಿನ್ನುತ್ತಿದ್ದರು. 'ನಾನು ಅಂದೇ ಹೇಳಿರಲಿಲ್ಲವೇ' ಎಂಬ ಮಾತು ಅತ್ತೆಯ ಬಾಯಿಂದ ಬರುತ್ತದೆಂದು ಕಾದೆ. ಅದು ಇವತ್ತಿಗೂ ಬಂದಿಲ್ಲ.

ಆಮೇಲೆ ಒಂದು ವಾರ ನಮ್ಮ ಪಡಸಾಲೆ ಹಳೆಯ ಮಧ್ಯಾಹ್ನಗಳಂತೆ ತುಂಬಿತ್ತು. ಒಬ್ಬೊಬ್ಬರ ಹೆಸರಿನಲ್ಲೂ ಎಷ್ಟು ನಂಬರಿವೆ ಎಂದು ನೋಡಿಕೊಡುವುದೇ ನನ್ನ ಕೆಲಸ. ಇನ್ನೂ ಮೂವರ ಹೆಸರಿನಲ್ಲಿ ಅವರು ಕಾಣದ ನಂಬರುಗಳು ಸಿಕ್ಕವು. ಆ ಮೂರನ್ನೂ ಅತ್ತೆ ಮುಚ್ಚಿಸಿದಳು. ಈಗ ಊರಲ್ಲಿ ಅವಳ ಎದುರು ಯಾರೂ ನಗುವುದಿಲ್ಲ, ನಾವು ಮನೆಯವರು ಮಾತ್ರ ನಗುತ್ತೇವೆ.

ಈ ದೀಪಾವಳಿಯ ಮರುವಾರ, ಮನೆಯಲ್ಲಿ ಯಾರೂ ಇಲ್ಲದಾಗ, ಅತ್ತೆ ನನ್ನನ್ನು ತನ್ನ ಕೋಣೆಗೆ ಕರೆದಳು. ಬಾಗಿಲು ಮುಂದೆ ಮಾಡು ಎಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮಂಚದ ಮೇಲೆ ಫೋನು ತೆರೆದಿಟ್ಟುಕೊಂಡು ಕೂತಿದ್ದಳು.

"ನಿನ್ನ ಹೆಬ್ಬೆರಳ ಕೊಡ ಇಲ್ಲೆ."

ನಾನು ಯಾಕೆಂದು ಕೇಳಿದೆ. ಅವಳು ಫೋನಿನತ್ತಲೇ ನೋಡುತ್ತಾ ಹೇಳಿದಳು:

"ಮೊನ್ನೆ ಇದರ ನಂಬರ ಎರಡ ತಾಸ ನೆಪ್ಪಾಗಲಿಲ್ಲ. ಇವತ್ತ ನೆಪ್ಪೈತಿ. ನೆಪ್ಪಿರೂವಾಗ ಮಾಡಿಬಿಡೂಣು."

ವಯಸ್ಸಿಗೆ ಎಲ್ಲರೂ ಮರೆಯುತ್ತಾರೆ, ನಾನೂ ಮರೆಯುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಸ್ನೇಹಿತೆಯ ಮನೆಗೆಂದು ಹೇಳಿ ಮೂರು ಸಲ ಒಬ್ಬಳೇ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದಿದ್ದಳು. ಈ ಮರೆವು ಇನ್ನು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದಿದ್ದರಂತೆ ಅವರು. ದಿನವೂ ಏನೇನು ಮರೆತೆ ಎಂದು ಬರೆದಿಡಿ ಎಂದಿದ್ದರಂತೆ. ಅವಳು ಅದನ್ನು ಎಂಟು ತಿಂಗಳಿಂದ ಆ ಫೋನಿನಲ್ಲಿ ಬರೆದಿಡುತ್ತಿದ್ದಳು. ನಾವೆಲ್ಲ ಅವಳು ಬೆರಳಿನ ಕಳ್ಳರಿಗೆ ಹೆದರಿ ಫೋನು ಮುಚ್ಚಿಡುತ್ತಾಳೆಂದು ನಗುತ್ತಿದ್ದ ದಿನಗಳಲ್ಲಿ.

ಅವಳು ನನ್ನ ಹೆಬ್ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಫೋನಿಗೆ ಒತ್ತಿದಳು. ಎತ್ತಿ ಒತ್ತಿದಳು, ಸ್ವಲ್ಪ ಓರೆ ಮಾಡಿ ಒತ್ತಿದಳು, ಅದು ಸಾಕು ಎನ್ನುವವರೆಗೆ. ಅವಳ ಕೈ ತಣ್ಣಗಿತ್ತು. ಆಮೇಲೆ ಬಗ್ಗಿ ನಂಬರನ್ನೂ ನನ್ನ ಕಿವಿಯಲ್ಲಿ ಹೇಳಿದಳು.

"ಈಗ ತಗದು ಓದಬ್ಯಾಡ. ನಿನ್ನ ಹೆಸರ ನಾ ಮರತ ದಿನ ಓದು. ನನಗ ಏನ ಹೇಳಬೇಕು, ಹೆಂಗ ಹೇಳಬೇಕು, ಎಲ್ಲಾ ಬರದೀನಿ."

ಹೂಂ ಎಂದೆ.

ಒಂದು ತಿಂಗಳ ನಂತರ ಅವಳೇ ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳಿದಳು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುವ ಮುಂಚೆ ಅವಳ ಅನುಮತಿಯನ್ನೂ ಕೇಳಿದೆ. "ಬರಿ, ಹೆಸರೊಂದ ಹಾಕಬ್ಯಾಡ" ಎಂದಳು. ಸಂಜೆ ನಾನು ಬರೆಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತು, ಏನು ಬರೆಯುತ್ತಿದ್ದೀಯಾ ಎಂದಳು. ನಿನ್ನ ಬಗ್ಗೆ, ಬರೆಯಲೇ ಎಂದೆ. ಸ್ವಲ್ಪ ಯೋಚಿಸಿ, "ಬರಿ, ಹೆಸರೊಂದ ಹಾಕಬ್ಯಾಡ" ಎಂದಳು. ಈ ವಾರದಲ್ಲಿ ಹೀಗೆ ನಾಲ್ಕು ಸಲ ಅನುಮತಿ ಸಿಕ್ಕಿದೆ. ನಾಲ್ಕು ಸಲವೂ ಮೊದಲ ಸಲದಂತೆಯೇ ಕೇಳಿದ್ದೇನೆ.

ಫೋನು ಅವಳ ದಿಂಬಿನ ಪಕ್ಕದಲ್ಲಿದೆ. ನಾನು ಮುಟ್ಟಿಲ್ಲ. ನನ್ನ ಹೆಸರು ಅವಳಿಗೆ ಇನ್ನೂ ನೆನಪಿದೆ.